ನನ್ನ ಪಾಲಿನ ಪಾತ್ರೆ

ಸ್ಟಾಕ್‌ಹೋಮಿನಲ್ಲಿ ನಮ್ಮ ಪಕ್ಕದ ಮನೆಯ ಚೀನೀ ಆಂಟಿ ಭಾನುವಾರ ಯಾರ ಕೈಗೂ ಸಿಗುತ್ತಿರಲಿಲ್ಲ. ಈ ಊರಿನ ಚೀನೀ ಕ್ರೈಸ್ತರೆಲ್ಲ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಪ್ರಾರ್ಥಿಸಿ, ಅಲ್ಲೇ ಒಟ್ಟಿಗೆ ಉಣ್ಣುತ್ತಿದ್ದರು. ಅಡುಗೆಯ ಹೊಣೆ ಆಂಟಿಯದು. ಕೆಲಸವಿಲ್ಲದೆ, ಮಾತಾಡಲು ಜನವಿಲ್ಲದೆ ಬೇಸತ್ತಿದ್ದ ನನ್ನನ್ನೂ ಒಂದು ದಿನ ಎಳೆದುಕೊಂಡು ಹೋದರು.

ಮಾಂಸ ತಿನ್ನುವುದಿಲ್ಲ ಎಂದೆ. ಮುಂದಿನ ವಾರವೇ ನನಗೆಂದು ಬೇರೆ ಪಾತ್ರೆ ಬಂತು. ಸಂಕೋಚಪಟ್ಟರೆ ಹರಕುಮುರುಕು ಸ್ವೀಡಿಷ್‌ನಲ್ಲಿ ಗದರಿದರು: "ಪಾತ್ರೆ ನಂದಲ್ಲ, ಈ ಕೈಯೂ ನಂದಲ್ಲ. ದೇವರು ನೋಡ್ಕೋ ಅಂತ ಕೊಟ್ಟಿದ್ದಾನೆ, ನೋಡ್ಕೋತೀನಿ. ನೀನು ಸುಮ್ನೆ ತಿನ್ನು."

ನಾನೇನು ಕಡಿಮೆಯೇ? ಅವರು ಊಟ ಕಟ್ಟಿಕೊಟ್ಟ ಡಬ್ಬಿಯನ್ನು ಖಾಲಿ ಹಿಂದಿರುಗಿಸದೆ ಚಿತ್ರಾನ್ನ ತುಂಬಿ ಕೊಡುತ್ತಿದ್ದೆ.

"ನಿನ್ನನ್ನ ಕನ್ವರ್ಟ್ ಮಾಡ್ತಾರೆ ನೋಡ್ತಿರು," ಎಂದು ನಮ್ಮನೆಯವರು ರೇಗಿಸುತ್ತಿದ್ದರು.

"ಅವರನ್ನೇ ಚಿತ್ರಾನ್ನಕ್ಕೆ ಕನ್ವರ್ಟ್ ಮಾಡಿದೀನಿ, ತೆಪ್ಪಗಿರಿ."

ಅಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರನ್ನು ಒಬ್ಬ ಹಿರಿಯರಿಗೆ ಒಪ್ಪಿಸುತ್ತಾರೆ. ಹಾಗೆ ಆಂಟಿಯ ಪಾಲಿಗೆ ಬಂದವಳು ಕಾಲೇಜಿನ ಒಬ್ಬ ಹುಡುಗಿ. ಹಿಟ್ಟು ಲಟ್ಟಿಸುತ್ತಲೇ ಅವಳಿಗೆ ಬೈಬಲ್ ಪಾಠ ನಡೆಯುತ್ತಿತ್ತು. ಒಂದು ವಾರ ನನ್ನ ಸಪ್ಪೆ ಸೊಪ್ಪು ನೋಡಿ ಅಯ್ಯೋ ಪಾಪ ಅನ್ನಿಸಿ, ರುಚಿಗಿರಲಿ ಎಂದು ಒಂದು ಸೌಟು ಹಂದಿಯ ಸಾರು ಸುರಿದುಬಿಟ್ಟಳು. ನಾನಂದು ಬ್ರೆಡ್ ತಿಂದೆ. ಆಂಟಿ ಕೂಗಾಡಲಿಲ್ಲ. "ನಿನಗೆ ರುಚಿ ಅನ್ನಿಸಿದ್ದಲ್ಲ, ಅವಳಿಗೆ ಬೇಕಾದ್ದು ಕೊಡಬೇಕು," ಎಂದು ಹೇಳಿ, ಹೊಸ ಪಾತ್ರೆ ತರಲು ಅವಳನ್ನೇ ಕಳಿಸಿದರು.

ಅಷ್ಟರಲ್ಲಿ ಆಂಟಿಯ ಗಂಡನಿಗೆ ದೂರದ ಸ್ಯಾಂಡ್‌ವಿಕೆನ್ ಎಂಬ ಊರಿನಲ್ಲಿ ಕೆಲಸವಾಯಿತು. ಅವರು ಹೊರಟ ದಿನ ಅತ್ತೆ. ಅವರಿಗಾಗಿ ಎಷ್ಟೋ, ನನಗಾಗಿಯೂ ಅಷ್ಟೇ. ಆ ಜನರ ಭಾಷೆ ಬಾರದ, ದೇವರೂ ಬೇರೆಯಾದ ನನ್ನನ್ನು ಇನ್ನು ಯಾರು ಕರೆಯುತ್ತಾರೆ? ಆ ಊಟದ ಮೇಜು ಬಿಟ್ಟರೆ ಈ ಊರಲ್ಲಿ ನನಗೆ ಬೇರೆ ಜಾಗವಿರಲಿಲ್ಲ. ಭಾನುವಾರ ಬಂದರೂ ಅಲ್ಲಿಗೆ ಹೋಗಲು ಮುಖವಿಲ್ಲದೆ ಮನೆಯಲ್ಲೇ ಕೂತೆ.

ಕೆಲವು ವಾರ ಕಳೆದ ಮೇಲೆ ಆ ಹುಡುಗಿ ಬಾಗಿಲು ತಟ್ಟಿದಳು. "ಊಟಕ್ಕೆ ಯಾಕೆ ಬರ್ತಿಲ್ಲ?" ಎಂದು ಕೇಳಿದವಳೇ ಕೈಹಿಡಿದು ಕರೆದುಕೊಂಡು ಹೋದಳು. ಒಲೆಯ ಮೇಲೆ ನನ್ನ ಪಾತ್ರೆ ಇತ್ತು. ಯಾರೋ ಅದಕ್ಕೆ ಮಾಂಸದ ಸೌಟು ಹಾಕಲು ಹೋದರೆ ಗದರಿ ಓಡಿಸಿದಳು.

"ನೀವು ಬರದೇ ಇದ್ದಾಗಲೂ ಪ್ರತಿ ವಾರ ಇದರಲ್ಲಿ ಬೇಯಿಸ್ತಿದ್ದೆ," ಎಂದಳು. "ನೋಡ್ಕೋ ಅಂತ ಆಂಟಿ ನನ್ನ ಕೈಗೆ ಕೊಟ್ಟು ಹೋಗಿದ್ದಾರಲ್ಲ."

ಉಪ್ಪು ಹಾಕುವುದನ್ನು ಮಾತ್ರ ಮರೆತಿದ್ದಳು. ಆದರೂ ಕೇಳಿ ಕೇಳಿ ಬಡಿಸಿಕೊಂಡೆ.