ಹೆಂಡತಿ ಹತ್ತಿರ ರಜೆ ಕೇಳುವ ಗಂಡ

ಭಾನುವಾರ ಕೋಳಿ ಸಾರಿನ ಮುಂದೆ ಕೂತು ಮಾನ ಕಳೆದುಕೊಂಡೆ. ಅದೂ ಶಭಾಶ್ ಅನ್ನಿಸಿಕೊಳ್ಳಲು ಹೋಗಿ!

ತಂಗಿ ಮಂಜುಳಾ, ಅವಳ ಗಂಡ ಶಿವಣ್ಣ ಊಟಕ್ಕೆ ಬಂದಿದ್ದರು. ಇಬ್ಬರಿಗೂ ರಾಮನಗರದ ಹತ್ತಿರ ಒಂದೇ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಅವಳು ಲೈನ್ ಸೂಪರ್‌ವೈಸರ್. ಅವನು ಅದೇ ಫ್ಲೋರಿನಲ್ಲಿ ಪ್ಯಾಕಿಂಗ್. ನನ್ನದು ಕೂಟಗಲ್ಲಿನ ಟೀ ಅಂಗಡಿ, ನಿಮಗೆ ಗೊತ್ತೇ ಇದೆ (ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ ವಾರವಾರ ಓದುತ್ತೀರಲ್ಲ, ನಿಮ್ಮ ತಾಳ್ಮೆ ದೊಡ್ಡದು).

ಬಾಡೂಟದ ಹುರುಪಿನಲ್ಲಿ ಅಂದೆ: "ಶಿವಣ್ಣ, ನಿನ್ ಮಾನ ಉಳಿಸ್ದೋನು ನಾನು ಕಣಪ್ಪ. ಇವ್ಳು ಫ್ಲೋರ್ ಇನ್‌ಚಾರ್ಜ್ ಆಗಿದ್ರೆ ನೀನು ಹೆಂಡ್ತಿ ಮುಂದೆ ಕೈಕಟ್ಕಂಡು ರಜೆ ಕೇಳ್ಬೇಕಾಗಿತ್ತು!"

ಅವನ ಕೈಯಲ್ಲಿದ್ದ ಮುದ್ದೆ ಬಾಯಿಯವರೆಗೆ ಹೋಗಲಿಲ್ಲ.

"ಯಾವ ಇನ್‌ಚಾರ್ಜು?"

ಗೊತ್ತೇ ಇಲ್ಲ ಅವನಿಗೆ!

ನಡೆದದ್ದು ಇಷ್ಟು. ಯುಗಾದಿ ಕಳೆದ ಮೇಲೆ ಮ್ಯಾನೇಜರ್ ಆ ಪೋಸ್ಟನ್ನು ಮಂಜುಳಾಗೆ ಕೊಡುತ್ತೇನೆ ಅಂದರು. ಖುಷಿ ತಡೆಯಲಾರದೆ, ಗಂಡನಿಗೂ ಹೇಳದೆ, ಮೊದಲು ನನ್ನ ಅಂಗಡಿಗೆ ಬಂದಳು. ನಾನು ಟೀ ಸೋಸುತ್ತಲೇ ತೀರ್ಪು ಕೊಟ್ಟೆ: "ಗಂಡನ್ ಮೇಲೆ ಸಾಹೇಬ್ತಿ ಆಯ್ತೀಯಾ? ಶಿವಣ್ಣಂಗೆ ಒಸಿನೂ ಇಷ್ಟ ಇಲ್ಲ. ಬ್ಯಾಡ ಅಂದ್ಬುಡು."

ಅವಳು ಮ್ಯಾನೇಜರಿಗೆ ಹಾಗೇ ಹೇಳಿದಳು. ನಾನು ಶಿವಣ್ಣನನ್ನು ಕೇಳಿದ್ದೆನಾ? ಇಲ್ಲ.

"ನೀನು ಅಷ್ಟು ಗಟ್ಟಿಯಾಗಿ ಹೇಳ್ದಾಗ ಇವ್ರೇ ನಿನ್ ಹತ್ರ ಅಂದವ್ರೆ ಅನ್ಕಂಡೆ ಕಣಣ್ಣ," ಅಂದಳು ಮಂಜುಳಾ. ತಲೆ ಎತ್ತಲಿಲ್ಲ.

"ಅದ್ಕಾ ಅವತ್ತಿಂದ ನನ್ ಕೂಡೆ ಮಾತು ಬಿಟ್ಟಿದ್ದು?" ಶಿವಣ್ಣ ಅವಳನ್ನೇ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ರಜೆ ಕೇಳಕ್ಕೆ ನಂಗ್ಯಾಕೆ ನಾಚ್ಕೆ ಭಾವ? ಮನೇಲಿ ದಿನಾ ಕೇಳ್ಕಂಡೇ ತಾನೆ ಆಚೆ ಹೋಗೋದು!"

ತಮಾಷೆಯ ಮಾತೇ. ಯಾರೂ ನಗಲಿಲ್ಲ.

ಹೆಣ್ಣುಮಕ್ಕಳ ಪ್ರಮೋಷನ್‌ಗೆ ಗಂಡನೇ ಅಡ್ಡಗಾಲು ಅಂತ ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು? ಈ ಮನೆಯಲ್ಲಿ ಕಾಲು ನನ್ನದಾಗಿತ್ತು. ನಿಜ ಹೇಳಲಾ? ಶಿವಣ್ಣನ ಮಾನದ ಚಿಂತೆ ನನಗಿರಲಿಲ್ಲ. "ಏನ್ಲಾ, ನಿನ್ ಭಾವ್‌ಮೈದ ನಿನ್ ತಂಗಿ ಕೈಕೆಳಗಂತೆ?" ಅಂತ ಅಂಗಡಿ ಬೆಂಚಿನ ಮೇಲೆ ಕೂತವರು ಕಿಚಾಯಿಸುತ್ತಾರೆ ಅನ್ನೋ ಭಯ. ಯಾರೂ ಆಡದ ಮಾತಿಗೆ ಹೆದರಿ ತಂಗಿಯ ಕೆಲಸ ಕಿತ್ತುಕೊಂಡೆ.

"ಈಗ ಹೋಗಿ ಕೇಳು, ಕೊಡ್ತಾರೆ," ಅಂದೆ.

"ಆ ಪೋಸ್ಟಿಗೆ ಹೊಸಾ ಹುಡುಗ ಬಂದ್ಬುಟ್ಟವ್ನೆ ಅಣ್ಣ. ಕೆಲ್ಸ ನಾನೇ ಕಲಿಸ್ತಾ ಇವ್ನಿ."

ಈಗ ಗಂಡ, ಹೆಂಡತಿ ಇಬ್ಬರೂ ಆ ಹುಡುಗನ ಮುಂದೆ ನಿಂತು ರಜೆ ಕೇಳುತ್ತಾರೆ. ನಾನು ಉಳಿಸಿದ್ದು ಯಾರ ಮಾನ, ನೀವೇ ಹೇಳಿ?