ಸೇತುವೆಯ ತಡ ನಗಣ್ಯ

ಎಂಬತ್ತರ ದಶಕದಲ್ಲಿ ನಾನು ಅಮೆರಿಕದ ಬೇ ಏರಿಯಾದ ಒಂದು ಪ್ಲಾನಿಂಗ್ ಆಫೀಸಿನಲ್ಲಿದ್ದೆ. ಹತ್ತಿರದ ಪುಟ್ಟ ದ್ವೀಪವೊಂದರ ಕಷ್ಟಸುಖ ಕೇಳಲು ಎಲ್ಲ ಇಲಾಖೆಯವರೂ ಅಲ್ಲಿಗೇ ಹೋಗಿ, ಅಲ್ಲಿನವರ ಜೊತೆ ಕೂತು ಯೋಜನೆ ಮಾಡಬೇಕೆಂದು ತೀರ್ಮಾನವಾಯಿತು. ಹತ್ತು ಗಂಟೆಗೆ ಮೀಟಿಂಗು. ದ್ವೀಪಕ್ಕಿದ್ದದ್ದು ಒಂದೇ ಸೇತುವೆ, ದೋಣಿ ಬಂದಾಗ ಮೇಲೆತ್ತುವಂಥದ್ದು. ನಾನು ತಲುಪುವಾಗ ಎದ್ದು ನಿಂತಿತ್ತು. ಇಳಿಯಲೇ ಇಲ್ಲ, ಮೋಟಾರು ಕೆಟ್ಟಿತ್ತು.

ನನ್ನ ಮುಂದಿನ ಕಾರಿನಿಂದ ಒಬ್ಬ ಅಜ್ಜಿ ಇಳಿದು, ಡಿಕ್ಕಿಯಿಂದ ಮಡಚುವ ಕುರ್ಚಿಗಳನ್ನು ತೆಗೆದು ರಸ್ತೆಯಲ್ಲೇ ಹಾಕಿದರು.

"ಹೊಸಬರಾ? ನಮ್ಮ ದ್ವೀಪದವರು ಕುರ್ಚಿ ಇಲ್ಲದೆ ಮನೆ ಬಿಡೋದಿಲ್ಲ," ಎಂದು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಫೈರ್ ಬ್ರಿಗೇಡಿನವರು, ಆರೋಗ್ಯ ಇಲಾಖೆಯ ನರ್ಸಮ್ಮ, ಎಲ್ಲರೂ ಬಂದು ಕೂತರು. ಮೀಟಿಂಗು ಅಲ್ಲೇ ಶುರುವಾಯಿತು.

"ಆಂಬುಲೆನ್ಸೂ ಹೀಗೇ ನಿಲ್ಲತ್ತೆ," ಅಂದರು ಅಜ್ಜಿ. "ನಿಮ್ಮ ವರದಿಯಲ್ಲಿ ಮಾತ್ರ 'ಸೇತುವೆಯಿಂದಾಗುವ ತಡ ನಗಣ್ಯ' ಅಂತಿದೆ. ಯಾರು ಬರೆದಿದ್ದು, ಆ ಪುಣ್ಯಾತ್ಮ?"

ಒಂದು ಭಾನುವಾರ ಬೆಳಿಗ್ಗೆ ಖಾಲಿ ಸೇತುವೆಯ ಮೇಲೆ ಒಂದೇ ಸಲ ಓಡಾಡಿ ಅದನ್ನು ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿದವನು ನಾನೇ.

"ಆತ ಈಗ ಬೇರೆ ಕಡೆ ಇದ್ದಾನೆ," ಅಂದೆ.

ಅಜ್ಜಿ ಕನ್ನಡಕ ಏರಿಸಿ ನನ್ನ ಅಂಗಿಯ ಬ್ಯಾಡ್ಜನ್ನೊಮ್ಮೆ ನೋಡಿದರು. ಊರು, ಅಪ್ಪ, ನಾನು, ಮೂವರೂ ಸೇರಿರುವ ನನ್ನ ಉದ್ದನೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದರು.

ಅಮೆರಿಕಕ್ಕೆ ಬಂದ ಮೇಲೆ ಆ ಹೆಸರನ್ನು ಒಂದಕ್ಷರ ತಪ್ಪದೆ ಹೇಳಿದವರು ಅವರೊಬ್ಬರೇ. ಬೈದೂ ಬೈದೂ ನಾಲಿಗೆ ಪಳಗಿರಬೇಕು.