ಮೊದಲು ಮನೆಯ ಗೋಡೆಗೆ: ತಾಜುದ್ದೀನ ಸರ್ ಅವರ ಸ್ಲೈಡುಗಳು

“ಇದರಾಗ ಸತ್ತಾವ್ರು ಯಾರು?”

ಕುಲಗೋಡದ ಸಮುದಾಯ ಭವನದಿಂದ ಜನರೆಲ್ಲ ಎದ್ದುಹೋದ ಮೇಲೆ, ಇನ್ನೂ ಸುತ್ತಿಡದ ಪರದೆಯ ಎದುರು ನಿಂತು ಶ್ರೀ ತಾಜುದ್ದೀನ ಕಿಲ್ಲೇದಾರ ಅವರು ಗಟ್ಟಿಯಾಗಿಯೇ ಹೀಗೆ ಕೇಳಿದರು. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಪರದೆಯ ಮೇಲೆ ಮಾತ್ರ ಚೆಂಡುಹೂವಿನ ಅಂಚಿನೊಳಗಿಂದ ಸಣ್ಣ ಹುಡುಗಿಯೊಬ್ಬಳು ನಗುತ್ತಿದ್ದಳು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಿವಿ ಕೇಳದ ಮಕ್ಕಳಿಗಾಗಿ ದುಡಿಯುವ ‘ಆಲಿಕೆ’ ಸಂಸ್ಥೆಯ ಪ್ರಚಾರಾಧಿಕಾರಿಯಾಗಿ, ದಾನಿಗಳ ಎದುರಿಗೂ ಪಾಲಕರ ಎದುರಿಗೂ ಪರದೆ ಬಿಚ್ಚಿ ಮಕ್ಕಳ ಪರವಾಗಿ ಮಾತನಾಡಿದವರಲ್ಲಿ ತಾಜುದ್ದೀನ ಸರ್ ಅವರು ನಮ್ಮ ಸೀಮೆಗೇ ಹಿರಿಯರು. ಇಂದು ಊರೂರಿನ ಸೇವಾಸಂಸ್ಥೆಗಳವರು ಪ್ರೊಜೆಕ್ಟರ್ ಹೊತ್ತು ತಿರುಗುತ್ತಾರೆ. ಆದರೆ ಎದುರಿಗೆ ಕುಳಿತವರ ಮನಸ್ಸು ಯಾವ ಸ್ಲೈಡಿಗೆ ತೆರೆಯುತ್ತದೆ, ಯಾವುದಕ್ಕೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಅವರಷ್ಟು ಕಾಲ ನೋಡಿದವರು ವಿರಳ. ನೋಡಿಯೂ ತನಗೆ ತಿಳಿದಿಲ್ಲವೆಂದು ಹೇಳುವವರು ಇನ್ನೂ ವಿರಳ.

ಮೊದಮೊದಲು ಅವರ ಸ್ಲೈಡಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸಂಸ್ಥೆಯ ಇಡೀ ವರದಿಯನ್ನು ಅದರಲ್ಲಿ ತುಂಬಿ, ಸಭೆಗೆ ಬೆನ್ನು ಕೊಟ್ಟು, ಒಂದಕ್ಷರ ಬಿಡದೆ ಓದುತ್ತಿದ್ದರು. ಹುಕ್ಕೇರಿಯ ಸಭೆಯೊಂದರಲ್ಲಿ ಅಧ್ಯಕ್ಷರೇ ನಿದ್ದೆ ಹೋದರು. ಆ ವರ್ಷ ಶ್ರಾವಣದಲ್ಲಿ ಓಣಿಯ ಗುಡಿಯಲ್ಲಿ ಪುರಾಣ ನಡೆದಾಗ, ಎಂದಿನಂತೆ ನೆರೆಯವರೊಂದಿಗೆ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದ ಸರ್ ಅವರಿಗೆ ಒಂದು ಸಂಗತಿ ಹೊಳೆಯಿತು. ವಾಚಕರು ಒಂದೇ ಪದ್ಯ ಹಾಡಿ ನಿಲ್ಲಿಸುತ್ತಾರೆ. ಆ ಪದ್ಯ ಜನರ ಕಿವಿಯಲ್ಲಿ ಇಳಿಯುವ ತನಕ ಅರ್ಥ ಹೇಳುವವರು ಕಾಯುತ್ತಾರೆ. ಯಾರ ಕೈಯಲ್ಲೂ ಪುಸ್ತಕವಿಲ್ಲ, ಆದರೂ ಎಲ್ಲರಿಗೂ ಕಥೆ ನೆನಪಿರುತ್ತದೆ. ಮರುದಿನ ಅವರು ತಮ್ಮ ಸ್ಲೈಡುಗಳನ್ನು ಅಳಿಸುತ್ತ ಕುಳಿತರು. ಒಂದು ಸ್ಲೈಡಿಗೆ ಒಂದು ಚಿತ್ರ, ಒಂದು ಸಾಲು, ಆಮೇಲೆ ಸುಮ್ಮನಿರುವುದು.

ಒಂದನ್ನು ಮಾತ್ರ ಅಳಿಸಲಾಗಲಿಲ್ಲ. ನಮ್ಮ ಕಡೆ ಯಾವ ಸಭೆಯೇ ಆಗಲಿ, ವೇದಿಕೆಯ ಮೇಲಿನ ಹಿರಿಯರ ಭಾವಚಿತ್ರಗಳು ಪರದೆಯಲ್ಲಿ ಮೊದಲು ಬರಬೇಕು. ಹಿರಿಯರಿಗೆ ಹಾರ, ದಾನಿಗಳಿಗೆ ಹಾರ, ಹಾರ ತಂದವರಿಗೂ ಒಂದು ಹಾರ. ಯಾರ ಸಲುವಾಗಿ ಸಭೆ ಕೂಡಿದೆಯೋ ಆ ಮಗುವಿಗೆ ಮಾತ್ರ ಏನೂ ಇಲ್ಲವಲ್ಲ ಎಂದು ಸರ್ ಅವರಿಗೆ ಕೆಟ್ಟೆನಿಸಿತು. ಹಾಗೆಂದೇ ಕುಲಗೋಡದ ಸಭೆಗೆ ಸಿದ್ಧಪಡಿಸಿದ ಕೊನೆಯ ಸ್ಲೈಡಿನಲ್ಲಿ, ಸಂಸ್ಥೆಯ ಶಾಲೆಯಲ್ಲಿ ಕಲಿಯುತ್ತಿದ್ದ ಹಿಡಕಲ್ಲಿನ ಹುಡುಗಿ ಮಯೂರಿಯ ಚಿತ್ರಕ್ಕೆ ಸುತ್ತ ಚೆಂಡುಹೂವಿನ ಮಾಲೆ ತೊಡಿಸಿದರು. ಕೆಳಗೆ ಅವಳ ಹೆಸರು. ಪಕ್ಕಕ್ಕೆ ಜ್ಞಾನದ ಗುರುತಾಗಿ ಒಂದು ದೀಪ.

ಸ್ಲೈಡು ಮೂಡಿದ ಕೂಡಲೇ ಮುಂದಿನ ಸಾಲಿನ ರೈತ ಲಗಮಣ್ಣ ಟೊಪ್ಪಿಗೆ ತೆಗೆದು ಎದ್ದು ನಿಂತರು. ಅವರ ಹಿಂದೆ ಇಡೀ ಸಭೆಯೇ ಎದ್ದಿತು. ತಾಜುದ್ದೀನ ಸರ್ ಗಲಿಬಿಲಿಗೊಂಡರು. ಮಗುವಿಗೆ ಇಷ್ಟು ಗೌರವವೇ ಎಂದು ಕಣ್ಣು ತುಂಬಿ ಬಂದು ತಾವೂ ಕೈಕಟ್ಟಿ ನಿಂತರು. ಸಭೆ ಮುಗಿದ ಮೇಲೆ ಹಿಂದೆಂದೂ ಕೊಡದವರೂ ಸಾಲುಗಟ್ಟಿ ಕೊಟ್ಟುಹೋದರು.

ಚಹದ ಹೊತ್ತಿಗೆ ಸೀತವ್ವ ಎಂಬ ಹಿರಿಯಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದಳು.

“ಎಷ್ಟು ದಿನಾ ಆತ್ರಿ ಸರ?”

“ಯಾವುದಕ್ಕ್ರಿ?”

“ಕೂಸು ತೀರಕೊಂಡು.”

“ಯಾವ ಕೂಸು?”

“ಅಯ್ಯ, ಆ ಹೂವಿನಾಗಿದ್ದಾಕಿ!”

“ಆಕಿ ಇವತ್ತ ಮುಂಜಾನಿ ನಮ್ಮ ಸಾಲ್ಯಾಗ ಕುಂತು ಉಪ್ಪಿಟ್ಟು ತಿಂದಾಳ್ರಿ!”

ಸೀತವ್ವ ಕಪ್ಪನ್ನು ಕೆಳಗಿಟ್ಟಳು. “ಹಂಗಾರ ಹಾರ ಯಾಕ ಹಾಕೀರಿ? ಬಾಜೂಕ ದೀಪಾ ಬ್ಯಾರೆ ಹಚ್ಚೀರಿ! ನಮ್ಮನ್ನ ಅಳಿಸಿ ರೊಕ್ಕಾ ಕೇಳಾಕ ಬಂದೀರೇನು?”

ಸರ್ ಅವರ ಮನೆಯಲ್ಲಿ ತೀರಿಕೊಂಡವರ ಚಿತ್ರ ಹಾಕಿ ಹೂವೇರಿಸುವ ರೂಢಿಯಿಲ್ಲ. ನೆರೆಯವರ ಪಡಸಾಲೆಗಳಲ್ಲಿ ಅಂಥ ಚಿತ್ರಗಳನ್ನು ಜೀವಮಾನವಿಡೀ ನೋಡಿದ್ದರು, ಆದರೆ ಕಂಪ್ಯೂಟರಿನ ಮುಂದೆ ಅವು ನೆನಪಾಗಲಿಲ್ಲ. ಖಾಲಿ ಭವನದಲ್ಲಿ ಅವರು ಕೇಳಿದ ಆ ಪ್ರಶ್ನೆ ಹುಟ್ಟಿದ್ದು ಹೀಗೆ. ಕೇಳಿ ಮುಗಿಸುವಷ್ಟರಲ್ಲಿ ಹಿಡಕಲ್ಲಿನಿಂದ ಮಯೂರಿಯ ತಾಯಿ ನಂದಾ ಅವರ ಫೋನು ಬಂತು. ಕುಲಗೋಡದ ಅವರ ನೆಂಟರಾರೋ ಸುದ್ದಿ ಮುಟ್ಟಿಸಿಬಿಟ್ಟಿದ್ದರು.

“ಸರ, ಮಗಳು ನನ್ನ ಬಾಜೂಕ ಕುಂತು ಅಭ್ಯಾಸ ಮಾಡಾಕತ್ತಾಳ. ನಮ್ಮ ಅತ್ತಿ ಅಲ್ಲಿ ಫೋನಿನಾಗ ಎದಿ ಬಡಕೊಂಡು ಅಳಾಕತ್ತಾಳ. ಏನ್ರಿ ಇದು?”

ಮರುದಿನ ಮೊದಲ ಬಸ್ಸಿಗೆ ಅವರು ಹಿಡಕಲ್ಲಿಗೆ ಹೋದರು. ಏನು ಹೇಳಬೇಕೆಂದು ತಿಳಿಯದೆ, ಮನೆಯ ಸುಣ್ಣದ ಗೋಡೆಯ ಮೇಲೆ ಆ ಸ್ಲೈಡನ್ನೇ ತೋರಿಸಿದರು. ಕಿವಿಯ ಮಷೀನನ್ನು ಸರಿಪಡಿಸಿಕೊಂಡು ಮಯೂರಿ ಬಹಳ ಹೊತ್ತು ನೋಡಿದಳು. ಆಮೇಲೆ, ಆಗಷ್ಟೇ ಕಲಿತಿದ್ದ ಮಾತನ್ನು ಒಂದೊಂದಾಗಿ ಜೋಡಿಸಿ ಕೇಳಿದಳು:

“ಸರ, ನಾ ಯಾವಾಗ ಸತ್ತೆ?”

ಲ್ಯಾಪ್‌ಟಾಪಿನಲ್ಲಿದ್ದ ಉಳಿದ ಚಿತ್ರಗಳನ್ನು ಹುಡುಗಿ ತಾನೇ ಸರಿಸುತ್ತ ಹೋಗಿ, ಕ್ಯಾಮರಾಕ್ಕೆ ನಾಲಗೆ ಚಾಚಿ ಅಣಕಿಸಿದ ಒಂದು ಚಿತ್ರದ ಮೇಲೆ ಬೆರಳಿಟ್ಟಳು. “ಇದು ಹಾಕ್ರಿ.”

“ಇದನ್ನ ನೋಡಿ ಯಾರು ಕೊಡ್ತಾರವ್ವಾ?”

“ಯಾಕ? ಅದು ನಾ ಅಲ್ಲೇನು?”

ಅಂದೇ ಸಂಜೆ ಸರ್ ಅವರು ಕುಲಗೋಡದ ಜನರನ್ನು ಮತ್ತೆ ಕೂಡಿಸಿ, ತಮ್ಮ ತಪ್ಪನ್ನು ಬಿಡಿಸಿ ಹೇಳಿ, ನಾಲಗೆ ಚಾಚಿದ ಮಯೂರಿಯನ್ನು ತೋರಿಸಿದರು. ಕೊಟ್ಟದ್ದನ್ನು ತಿರುಗಿ ಬೇಕೆನ್ನುವವರು ಒಯ್ಯಬಹುದೆಂದೂ ಹೇಳಿದರು. ಕೆಲವರು ನಕ್ಕರು, ಕೆಲವರು ಮುಖ ಗಂಟಿಕ್ಕಿ ಎದ್ದುಹೋದರು. ಲಗಮಣ್ಣನವರು ಮಾತ್ರ, “ಹಂಗಾರ ನಾ ಟೊಪಗಿ ತಗದದ್ದು ದಂಡ ಆತೇನ್ರಿ?” ಎಂದು ಕೇಳಿ, ಪರದೆಯತ್ತ ತಾವೂ ನಾಲಗೆ ಚಾಚಿದರು.

ಸಂಸ್ಥೆಯ ಕಾರ್ಯದರ್ಶಿ ಶಿವಕುಮಾರ ಅವರ ಮಾತು ಬೇರೆಯಿತ್ತು. “ತಪ್ಪು ಆಗೇತಿ, ಖರೆ. ಆದ್ರ ಜನ ಎಷ್ಟು ಮರಗಿದ್ರು ನೋಡಿದ್ರಿಲ್ಲ? ಹಾರ ತಗೀರಿ, ದೀಪ ಇರ್ಲಿ. ಸತ್ತಾಳಂತ ನಾವೇನು ಬರದೇವೇನು?” ಈ ಮಾತನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಮಕ್ಕಳಿಗೆ ಮಷೀನು ಬರುತ್ತಿದ್ದದ್ದೇ ಜನ ಮರುಗಿದ್ದರಿಂದ. ಸಂಕೇಶ್ವರದ ವ್ಯಾಪಾರಿಗಳ ಸಭೆಗೆ ಸರ್ ಅವರು ದೀಪದ್ದೊಂದು, ನಾಲಗೆಯದ್ದೊಂದು ಎಂದು ಎರಡೂ ಸ್ಲೈಡುಗಳನ್ನು ಒಯ್ದರು. ವೇದಿಕೆ ಏರುವ ತನಕವೂ ಯಾವುದೆಂದು ಅವರಿಗೇ ತಿಳಿದಿರಲಿಲ್ಲ. ಕೊನೆಗೆ ತೋರಿಸಿದ್ದು ನಾಲಗೆಯದ್ದನ್ನು. ಸಭೆ ನಕ್ಕಿತು, ಕೆಲವರು ಕೊಟ್ಟರು, ಹಲವರು ಕೊಡಲಿಲ್ಲ. ದೀಪದ ಸ್ಲೈಡು ತೋರಿಸಿದ್ದರೆ ಇನ್ನಷ್ಟು ಮಕ್ಕಳ ಕಿವಿಗೆ ಸದ್ದು ಮುಟ್ಟುತ್ತಿತ್ತೇ ಎಂದು ಯಾರಾದರೂ ಕೇಳಿದರೆ, “ಇವತ್ತಿಗೂ ತಿಳಿವಲ್ದು ನೋಡ್ರಿ” ಎನ್ನುತ್ತಾರೆ. ದೇವರು ಕೊಟ್ಟ ಕಿವಿಯನ್ನು ಹಗುರವಾಗಿ ಎಣಿಸದವರ ಮಾತು ಅದು.

ತಿಳಿಯದ ಈ ಪ್ರಶ್ನೆಯ ನಡುವೆಯೇ ಅವರು ಸಂಸ್ಥೆಗೆ ಒಂದು ಕಟ್ಟಳೆ ಹಾಕಿಕೊಟ್ಟರು. ಯಾರ ಚಿತ್ರವಿದೆಯೋ ಅವರ ಮನೆಯ ಗೋಡೆಯ ಮೇಲೆಯೇ ಸ್ಲೈಡು ಮೊದಲು ಮೂಡಬೇಕು; ಅವರು ಬೇಡವೆಂದರೆ ಮುಗಿಯಿತು, ಕಾರಣ ಕೇಳುವಂತಿಲ್ಲ. ಬಿಸಿಲು ಮಳೆ ಎನ್ನದೆ ಪ್ರೊಜೆಕ್ಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅವರು ಹೋಗದ ಹಳ್ಳಿಯಿಲ್ಲ. ಹೋದಲ್ಲೆಲ್ಲ ಸ್ಲೈಡಿನ ಕೆಲಸ ಬದಿಗಿಟ್ಟು ಮಕ್ಕಳ ಮಷೀನಿಗೆ ಸೆಲ್ಲು ಹಾಕಿಕೊಟ್ಟು, ತಾಯಂದಿರ ಮಾತು ಕೇಳುತ್ತ ಕುಳಿತು ಕಡೆಯ ಬಸ್ಸು ತಪ್ಪಿಸಿಕೊಂಡದ್ದೂ ಉಂಟು.

ನಿವೃತ್ತಿಯ ಈ ಹೊತ್ತಿನಲ್ಲಿ ಅಂಥವರಿಗೆ ಕೆಲಸದಿಂದ ಬಿಡುಗಡೆ ಸಿಗಲಿ, ಕೆಲಸಕ್ಕೆ ಅವರಿಂದ ಬಿಡುಗಡೆ ಸಿಗದಿರಲಿ. ಅವರ ಕಣ್ಣಿನ ಬೆಳಕೂ ಮೈಯ ಕಸುವೂ ಬಹುಕಾಲ ಬಾಳಿ, ಇನ್ನೂ ಎಷ್ಟೋ ಮನೆಗಳ ಸುಣ್ಣದ ಗೋಡೆಗಳು ಅವರ ದಾರಿ ಕಾಯಲಿ.

ಅವರ ಈ ಅಭಿನಂದನ ಸಂಪುಟದಲ್ಲಿ, ಈ ಲೇಖನದ ಎದುರು ಪುಟಕ್ಕೆ ಕುಲಗೋಡದ ಆ ಹೂವಿನ ಸ್ಲೈಡೇ ಅಚ್ಚಾಗಬೇಕೆಂದು ಸರ್ ಅವರು ಬಯಸಿದ್ದರು. ಹೊಸಬರು ನೋಡಿ ಕಲಿಯಲಿ ಎಂಬ ಒಂದೇ ಆಸೆ. ನಿವೃತ್ತಿಗೆ ಅವರು ಕೇಳಿದ್ದೂ ಅದೊಂದನ್ನೇ. ತಾವೇ ಹಾಕಿದ ಕಟ್ಟಳೆಯಂತೆ, ಈಗ ಗೋಕಾಕದ ನಮ್ಮ ಶಾಲೆಯಲ್ಲಿ ಶಿಕ್ಷಕಿಯಾಗಿರುವ ಮಯೂರಿಯವರ ತರಗತಿಗೆ ಹೋಗಿ, ಮಕ್ಕಳು ಆಟಕ್ಕೆ ಹೋದ ಹೊತ್ತಿನಲ್ಲಿ ಅದನ್ನು ಗೋಡೆಯ ಮೇಲೆ ತೋರಿಸಿದರು.

“ಇದು ನಿನ್ನ ಚಿತ್ರ ಅಲ್ಲವ್ವಾ, ನನ್ನ ತಪ್ಪಿನ ಚಿತ್ರ. ನಾ ರಿಟೈರ ಆಗಾಕತ್ತೇನಿ. ಒಂದ ಸಲ ಹೂಂ ಅನ್ನು.”

ಮಯೂರಿ ಹೂವುಗಳನ್ನು ನೋಡಿದರು, ದೀಪವನ್ನು ನೋಡಿದರು, ತಮ್ಮ ಮುಖವನ್ನು ನೋಡಿದರು. ಎದ್ದು ಹೋಗಿ ಸರ್ ಅವರಿಗೆ ಕುರ್ಚಿ ತಂದಿಟ್ಟು, ಪ್ರೊಜೆಕ್ಟರನ್ನು ಆರಿಸಿದರು.

“ಇಲ್ಲ ಸರ. ಕೊಡೂದಿಲ್ಲ.”